ಜನ್ಮನಕ್ಷತ್ರ ಆರ್ದ್ರಾ. ಅದನ್ನು ಕಣ್ಣಾರೆ ನೋಡಿದವರು ಇದ್ದೀರಾ?

ಅಡಿಕೆಅಂಗಳ, ಪೆರ್ಲ
ಜನವರಿ 18, ರಾತ್ರಿ 11:05

ದೇವಸ್ಥಾನದಲ್ಲಿ ರಶೀದಿ ಬರೆಸುವಾಗ ಹೆಸರು, ನಕ್ಷತ್ರ ಕೇಳುತ್ತಾರಲ್ಲ. "ಆರ್ದ್ರಾ" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೌಂಟರಿನಲ್ಲಿ ಮಲಯಾಳದವರು ಕೂತಿದ್ದರೆ "ತಿರುವಾದಿರ" ಎಂದು ಬರೆದುಕೊಳ್ಳುತ್ತಾರೆ. ನನಗೆ ಈಗ 37 ವರ್ಷ. ಅದು ಆಕಾಶದಲ್ಲಿ ಎಲ್ಲಿ ಉಂಟು ಎಂದು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಮೊನ್ನೆ ಊಟ ಆಗುವ ಹೊತ್ತಿಗೆ ಕರೆಂಟು ಹೋಯಿತು. ನಾನೂ ಮಗಳೂ ಅಂಗಳಕ್ಕೆ ಬಂದೆವು. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದೆ, ಜಗಲಿಯ ಬದಿಗೆ ಒಂದು ಚಾಪೆ ಹಾಸುವಷ್ಟೇ ಜಾಗ. ಮಲಗಿ ಸ್ವಲ್ಪ ಹೊತ್ತಿಗೆ ಅವಳು ಕೇಳಿದಳು: "ಅಮ್ಮಾ, ಅದೊಂದು ಕೆಂಪು ಯಾಕೆ? ಇದು ನೀಲಿ ಯಾಕೆ?" ನಕ್ಷತ್ರ ಅಂದರೆ ಬಿಳಿ ಎಂದೇ ನಾನು ತಿಳಿದಿದ್ದೆ. ದಿಟ್ಟಿಸಿ ನೋಡಿದೆ. ಹೌದು, ಹಣ್ಣಡಿಕೆಯ ಬಣ್ಣ. ಪೂರ್ತಿ ಕೆಂಪಲ್ಲ, ಕಿತ್ತಳೆ ಬೆರೆತ ಕೆಂಪು. ಮೊಬೈಲಿನಲ್ಲಿ ಸ್ಟೆಲೇರಿಯಂ ಎಂಬ ನಕ್ಷತ್ರ ಗುರುತಿಸುವ ಆ್ಯಪ್ ಹಾಕಿ ಹಿಡಿದರೆ ಅದೇ ಬೆಟೆಲ್‌ಗ್ಯೂಸ್. ಅಂದರೆ ಆರ್ದ್ರಾ. ನನ್ನ ನಕ್ಷತ್ರ!

ಆಮೇಲೆ ಮಗಳು ಎಲ್ಲಿಯೋ ಓದಿದಳು, ಅದು ಒಡೆದು ಹೋಗುತ್ತದಂತೆ. ಅವಳಿಗೆ ಒಂಬತ್ತು ವರ್ಷ. ಮಲಗುವಾಗ ಮೆಲ್ಲ ಕೇಳಿದಳು, "ಅಮ್ಮನ ನಕ್ಷತ್ರ ಒಡೆದರೆ ಅಮ್ಮನಿಗೆ ಎಂತಾದರೂ ಆಗ್ತದಾ?" ಇಲ್ಲ ಎಂದು ಹೇಳಿದೆ. ಆದರೆ ಯಾಕೆ ಇಲ್ಲ ಎಂದು ಹೇಳಲು ನನಗೆ ಗೊತ್ತಾಗಲಿಲ್ಲ. ತಿಳಿದವರು ಹೇಳಿ.


ಮಾಷ್ಟ್ರು, ಬದಿಯಡ್ಕ
ಜನವರಿ 19, ಬೆಳಿಗ್ಗೆ 6:20

ಮಗಳ ಕಣ್ಣು ಚೆನ್ನಾಗಿದೆ ಅಕ್ಕ. ದೊಡ್ಡವರು ಎಷ್ಟೋ ಜನ ಆ ಬಣ್ಣವನ್ನು ಗಮನಿಸುವುದೇ ಇಲ್ಲ.

ಮೊದಲು ಬಣ್ಣ. ಆಚಾರಿಯ ಕುಲುಮೆಯಲ್ಲಿ ಕತ್ತಿ ಕಾಯುವುದು ನೋಡಿದ್ದೀರಲ್ಲ. ಮೊದಲು ಕೆಂಪು, ಇನ್ನೂ ಕಾದರೆ ಹಳದಿ, ಮತ್ತೂ ಕಾದರೆ ಬಿಳಿ. ನಕ್ಷತ್ರದ ಬಣ್ಣವೂ ಅದರ ಮೈ ಎಷ್ಟು ಬಿಸಿ ಎಂಬುದರ ಗುರುತು. ಆರ್ದ್ರೆಯ ಮೈ ಸುಮಾರು 3,500 ಡಿಗ್ರಿ. ನಮ್ಮ ಸೂರ್ಯ 5,500. ಮಗಳು ನೀಲಿ ಎಂದದ್ದು ರೈಜಲ್ ಇರಬೇಕು, ಅದು 12,000ದ ಹತ್ತಿರ. ಹಾಗಾದರೆ ತಣ್ಣಗಿರುವ ಆರ್ದ್ರೆ ಅಷ್ಟು ಹೊಳೆಯುವುದು ಹೇಗೆ? ಗಾತ್ರದಿಂದ. ಸೂರ್ಯನ ಜಾಗದಲ್ಲಿ ಅದನ್ನು ಇಟ್ಟರೆ ಬುಧ, ಶುಕ್ರ, ನಾವು, ಮಂಗಳ, ಎಲ್ಲ ಅದರ ಹೊಟ್ಟೆಯೊಳಗೆ.

ಹುಡುಕುವುದು ಸುಲಭ. ಸಾಲಾಗಿ ಮೂರು ನಕ್ಷತ್ರ ಉಂಟಲ್ಲ, ಅದು ಮಹಾವ್ಯಾಧ (ಒರಾಯನ್) ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ ಸೊಂಟಪಟ್ಟಿ. ಅದರ ಬಡಗು ಬದಿಗೆ ಕೆಂಪು ಆರ್ದ್ರೆ, ತೆಂಕು ಬದಿಗೆ ನೀಲಿ ರೈಜಲ್. ನಮ್ಮ ಊರಿಗೆ ಆರ್ದ್ರೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದು ಹೋಗುತ್ತದೆ. ಈ ತಿಂಗಳ ಕೊನೆಗೆ ರಾತ್ರಿ ಒಂಬತ್ತು ಮುಕ್ಕಾಲರ ಸುಮಾರಿಗೆ. ಅಡಿಕೆ ಮರ ಎಷ್ಟು ಎತ್ತರ ಇದ್ದರೂ ಅಡ್ಡ ಬರುವುದಿಲ್ಲ.

ಸೊಂಟಪಟ್ಟಿಯಿಂದ ತೆಂಕಿಗೆ ಕತ್ತಿಯ ಹಾಗೆ ಇಳಿಬಿದ್ದ ಸಣ್ಣ ಸಾಲು ನೋಡಿ. ನಡುವಿನದ್ದು ಚುಕ್ಕಿಯಲ್ಲ, ಮಸುಕು. ಉಸಿರು ತಾಗಿದ ಕನ್ನಡಿಯ ಹಾಗೆ. ಅದು ಅನಿಲ, ಧೂಳಿನ ಮೋಡ, ಸುಮಾರು 1,350 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಒಂದೇ ವ್ಯಾಧನಲ್ಲಿ ತೊಟ್ಟಿಲೂ ಉಂಟು, ಪ್ರಾಯ ಸಂದ ಆರ್ದ್ರೆಯೂ ಉಂಟು. ಮಗಳ ಪ್ರಶ್ನೆಗೆ ಸಂಜೆ ಬರೆಯುತ್ತೇನೆ. ಅದಕ್ಕೆ ಅವಸರದ ಉತ್ತರ ಬೇಡ.


ಸೂಟೆ
ಜನವರಿ 19, ಮಧ್ಯಾಹ್ನ 1:40

ಬಯಲಾಟ ಮುಗಿಸಿ ಬೆಳಗಿನ ಜಾವ ಗದ್ದೆಯ ಬದುವಿನಲ್ಲಿ ಮನೆಗೆ ನಡೆದವನು ನಾನು. ಅಜ್ಜ ಮುಂದಿನಿಂದ ಸೂಟೆ, ಅಂದರೆ ಒಣ ತೆಂಗಿನ ಮಡಲಿನ ಪಂಜು, ಬೀಸುತ್ತಾ ಹೋಗುತ್ತಿದ್ದರು. ನಕ್ಷತ್ರದ ಆಯುಸ್ಸನ್ನು ಮಕ್ಕಳಿಗೆ ನಾನು ಬೆಂಕಿಯ ಲೆಕ್ಕದಲ್ಲೇ ಹೇಳುವುದು. ದೊಡ್ಡ ನಕ್ಷತ್ರ ಮಡಲಿನ ಸೂಟೆ. ಭಗ್ಗೆಂದು ಉರಿದು ಬೇಗ ಮುಗಿಯುತ್ತದೆ. ಸೂರ್ಯ ಬಚ್ಚಲ ಒಲೆಯ ಕೊರಡು. ಸಣ್ಣ ಕೆಂಪು ನಕ್ಷತ್ರಗಳು ಉಮಿಯ ಬೆಂಕಿ, ಮೆಲ್ಲ ಮೆಲ್ಲ ನೂರಾರು ಶತಕೋಟಿ ವರ್ಷ.


ಪಡುಗಡಲು, ಮಂಜೇಶ್ವರ
ಜನವರಿ 19, ಮಧ್ಯಾಹ್ನ 2:15

ಹೋಲಿಕೆ ಚೆನ್ನಾಗಿದೆ ಅಣ್ಣ. ಆದರೆ ದೊಡ್ಡದರಲ್ಲಿ ಸೌದೆಯೂ ಜಾಸ್ತಿ ಅಲ್ವಾ? ಜಾಸ್ತಿ ಹೊತ್ತು ಉರಿಯಬೇಕಲ್ಲ?


ಮಾಷ್ಟ್ರು, ಬದಿಯಡ್ಕ
ಜನವರಿ 19, ಸಂಜೆ 7:30

ಒಳ್ಳೆಯ ಪ್ರಶ್ನೆ. ಸೌದೆ ಹತ್ತು ಪಟ್ಟು ಇದ್ದರೆ ಉರಿಯುವ ವೇಗ ಸಾವಿರಾರು ಪಟ್ಟು. ತೂಕ ಜಾಸ್ತಿಯಾದಷ್ಟೂ ಒಳಗಿನ ಒತ್ತಡ ಜಾಸ್ತಿ, ಒತ್ತಡ ಜಾಸ್ತಿಯಾದರೆ ಬಿಸಿ ಜಾಸ್ತಿ. ಹಾಗಾಗಿ ಬೇಗ ಖಾಲಿ. ಸೂರ್ಯನ ಆಯುಸ್ಸು ಸುಮಾರು 1,000 ಕೋಟಿ ವರ್ಷ, ಅದರಲ್ಲಿ 460 ಕೋಟಿ ಕಳೆದಿದೆ. ಆರ್ದ್ರೆ ಹುಟ್ಟಿ ಒಂದು ಕೋಟಿ ವರ್ಷದ ಸುಮಾರು, ಅಷ್ಟರಲ್ಲೇ ಅದು ಮುದುಕಿ.

ಒಂದು ತಿದ್ದುಪಡಿ ಮಾತ್ರ ಮಕ್ಕಳಿಗೆ ಹೇಳಿಬಿಡಿ ಸೂಟೆಯವರೇ. ಅಲ್ಲಿ ಬೆಂಕಿ ಇಲ್ಲ. ಬೆಂಕಿಗೆ ಗಾಳಿ ಬೇಕು. ಅಲ್ಲಿ ಆಗುವುದು ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಕೆಲಸ. ಸೂರ್ಯನ ಗರ್ಭದಲ್ಲಿ ಒಂದೂವರೆ ಕೋಟಿ ಡಿಗ್ರಿ ಬಿಸಿ ಇರುವುದರಿಂದ ಅದು ಸಾಧ್ಯ. ಇದನ್ನು ಬಿಟ್ಟರೆ ನಿಮ್ಮ ಮಡಲು, ಕೊರಡು, ಉಮಿಯ ಲೆಕ್ಕ ಸರಿಯಾಗಿಯೇ ಉಂಟು.

ಈಗ ಮಗಳಿಗೆ. ಆರ್ದ್ರೆಯಂಥ ದೊಡ್ಡ ನಕ್ಷತ್ರದಲ್ಲಿ ಹೈಡ್ರೋಜನ್ ಮುಗಿದ ಮೇಲೆ ಹೀಲಿಯಂ ಬೆಸೆಯುತ್ತದೆ, ಆಮೇಲೆ ಇಂಗಾಲ, ಆಮ್ಲಜನಕ. ಕೊನೆಗೆ ಸಿಲಿಕಾನ್. ಮೊದಲ ಹಂತಕ್ಕೆ ಲಕ್ಷಾಂತರ ವರ್ಷ, ಕೊನೆಯದ್ದು ಒಂದೆರಡು ದಿನದಲ್ಲಿ ಮುಗಿಯುತ್ತದೆ. ನಡುವಿನಲ್ಲಿ ಕಬ್ಬಿಣ ತುಂಬುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಸಿಗುವುದಿಲ್ಲ. ಒಳಗಿನಿಂದ ತಳ್ಳುವ ಬಲ ಹೋಯಿತು, ಮೇಲಿನ ಭಾರ ಕೆಳಗೆ ಕುಸಿಯಿತು. ಆ ಕುಸಿತಕ್ಕೆ ಒಂದು ಸೆಕೆಂಡೂ ಬೇಡ. ಅದರಿಂದಲೇ ನಕ್ಷತ್ರ ಒಡೆಯುವುದು.

ಆರ್ದ್ರೆ ಒಡೆದರೆ ಹಗಲಿನಲ್ಲೂ ಕಾಣುತ್ತದೆ. 1054ರಲ್ಲಿ ಹೀಗೆಯೇ ಒಂದು ನಕ್ಷತ್ರ ಒಡೆದಾಗ ಚೀನಾದವರು ಅದನ್ನು 23 ದಿನ ಹಗಲಲ್ಲಿ ನೋಡಿ ಬರೆದಿಟ್ಟಿದ್ದಾರೆ. ನಮಗೆ ಏನೂ ಅಪಾಯವಿಲ್ಲ. ಅದು 550ರಿಂದ 700 ಜ್ಯೋತಿರ್ವರ್ಷ ದೂರದಲ್ಲಿದೆ.

ನಿಮ್ಮ ಮನೆಯ ಗೋಡೆ ಮುರಕಲ್ಲಿನದ್ದಾ? ಹಾಗಿದ್ದರೆ ಮಗಳ ಕೈಯನ್ನು ಅದರ ಮೇಲೆ ಇಡಿಸಿ. ಮುರಕಲ್ಲು ಕೆಂಪಾಗಿರುವುದು ಅದರೊಳಗಿನ ಕಬ್ಬಿಣದಿಂದ. ಆ ಕಬ್ಬಿಣ ತಯಾರಾದದ್ದು ಸೂರ್ಯ ಹುಟ್ಟುವುದಕ್ಕೂ ಮೊದಲು ಒಡೆದ ನಕ್ಷತ್ರಗಳಲ್ಲಿ. ಅಮ್ಮನ ರಕ್ತದ ಕಬ್ಬಿಣವೂ ಅಲ್ಲಿಯದ್ದೇ. ನಕ್ಷತ್ರ ಒಡೆದರೆ ಅಮ್ಮನಿಗೆ ಏನೂ ಆಗುವುದಿಲ್ಲ ಮಗೂ. ಹಿಂದೆ ಕೆಲವು ಒಡೆದದ್ದರಿಂದ ಅಮ್ಮ ಇದ್ದಾರೆ, ನೀನೂ ಇದ್ದೀ.


ಅಡಿಕೆಅಂಗಳ, ಪೆರ್ಲ
ಜನವರಿ 19, ರಾತ್ರಿ 9:10

ಮಾಷ್ಟ್ರೇ, ಗಾರೆ ಹಾಕದ ಮುರಕಲ್ಲಿನ ಗೋಡೆಯೇ ನಮ್ಮದು. ಓದಿ ಹೇಳಿದೆ. ಅವಳು ಎದ್ದು ಹೋಗಿ ಗೋಡೆ ಮುಟ್ಟಿ ಬಂದಳು. ಕೈಗೆ ಹತ್ತಿದ ಕೆಂಪು ಹುಡಿಯನ್ನು ತೊಳೆಯದೆ ಮಲಗಿದ್ದಾಳೆ.


ಪಡುಗಡಲು, ಮಂಜೇಶ್ವರ
ಜನವರಿ 20, ರಾತ್ರಿ 10:30

2019 ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಚೆರುವತ್ತೂರಿಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತೂವರೆ ಹತ್ತಿರ ಸೂರ್ಯ ಬಳೆಯ ಹಾಗೆ ನಿಂತದ್ದು ಇವತ್ತಿಗೂ ಕಣ್ಣಲ್ಲಿ ಉಂಟು. ಅದೇ ತಿಂಗಳು ಆರ್ದ್ರೆ ಮಂಕಾಗುತ್ತಿದೆ ಎಂಬ ಸುದ್ದಿ ಬಂತು. ಆಮೇಲೆ ದಿನಾ ರಾತ್ರಿ ಕಡಲ ಕರೆಯಲ್ಲಿ ನಿಂತು ನೋಡುತ್ತಿದ್ದೆ. ಯಂತ್ರ ಏನೂ ಬೇಡ. ವ್ಯಾಧನ ಇನ್ನೊಂದು ಹೆಗಲಲ್ಲಿ ಬೆಲಾಟ್ರಿಕ್ಸ್ ಎಂಬ ನಕ್ಷತ್ರ ಉಂಟು. ಎಂದೂ ಆರ್ದ್ರೆಯ ಮುಂದೆ ಅದು ಸಪ್ಪೆ. 2020ರ ಫೆಬ್ರವರಿಯಲ್ಲಿ ಎರಡೂ ಸಮ ಸಮ! ಬೆಳಕು ಅರ್ಧಕ್ಕಿಂತ ಕಡಿಮೆ ಆಗಿತ್ತು. ಈಗಲೇ ಒಡೆಯುತ್ತದೆ ಎಂದು ನಿದ್ದೆ ಬಿಟ್ಟು ಕಾದೆ. ಒಡೆಯಲಿಲ್ಲ. ತಾನೇ ಹೊರಗೆ ಚೆಲ್ಲಿದ ಅನಿಲ ತಣಿದು ಧೂಳಾಗಿ, ಆ ಧೂಳು ಅಡ್ಡ ಬಂದಿತ್ತು ಎಂದು ಆಮೇಲೆ ತಿಳಿಯಿತು. ಏಪ್ರಿಲಿಗೆ ಮತ್ತೆ ಮೊದಲಿನಂತೆ.

ಒಂದು ಸಂಶಯ. ಬೆಳಕು ಬರಲು ಅಷ್ಟು ನೂರು ವರ್ಷ ಬೇಕಾದರೆ, ಈಗಾಗಲೇ ಒಡೆದಿರಬಹುದಲ್ಲ?


ಹೊಸೂರುದಾರಿ
ಜನವರಿ 21, ಬೆಳಿಗ್ಗೆ 8:00

ಹೊಸೂರಿನ ಕನ್ನಡಿಗ ನಾನು. ನಿಮ್ಮ ಮಾತು ಓದುತ್ತಾ ಕೂತಿದ್ದೆ, ಸುಮ್ನೆ ಇರಲು ಆಗಲಿಲ್ಲ.

ಒಡೆದಿರಬಹುದು, ಆದರೆ ಆ ಸಾಧ್ಯತೆ ತುಂಬಾ ಕಡಿಮೆ. ಅದಕ್ಕೆ ಇನ್ನೂ ಒಂದು ಲಕ್ಷ ವರ್ಷದವರೆಗೂ ಆಯುಸ್ಸು ಇರಬಹುದು ಎಂಬುದು ಈಗಿನ ಲೆಕ್ಕ. ಅಷ್ಟರಲ್ಲಿ ಈ ಆರೇಳು ನೂರು ವರ್ಷ ಎಷ್ಟರದ್ದು? ನಮ್ಮ ಗ್ಯಾಲಕ್ಸಿಯೊಳಗೆ ಬರಿಗಣ್ಣಿಗೆ ಚೆನ್ನಾಗಿ ಕಂಡ ಕೊನೆಯ ಸೂಪರ್‌ನೋವಾ, ಅಂದರೆ ಒಡೆದ ನಕ್ಷತ್ರ, 1604ರದ್ದು. ಟೆಲಿಸ್ಕೋಪ್ ಆಕಾಶಕ್ಕೆ ತಿರುಗುವುದಕ್ಕೂ ಮೊದಲು. 1987ರಲ್ಲಿ ಕಂಡದ್ದು ದೊಡ್ಡ ಮೆಗಲಾನಿಕ್ ಮೋಡ ಎಂಬ ಪಕ್ಕದ ಸಣ್ಣ ಗ್ಯಾಲಕ್ಸಿಯಲ್ಲಿ, 1,68,000 ಜ್ಯೋತಿರ್ವರ್ಷ ದೂರದಲ್ಲಿ.

ಎಲ್ಲ ನಕ್ಷತ್ರವೂ ಒಡೆಯುವುದಿಲ್ಲ ಎಂಬುದನ್ನೂ ಮಗುವಿಗೆ ಹೇಳಿ. ಸೂರ್ಯ ಒಡೆಯುವುದಿಲ್ಲ. ಇನ್ನು 500 ಕೋಟಿ ವರ್ಷ ಕಳೆದ ಮೇಲೆ ಉಬ್ಬಿ ಕೆಂಪಾಗಿ, ಹೊರಮೈ ಕಳಚಿ, ಭೂಮಿಯಷ್ಟು ಗಾತ್ರದ ಬಿಳಿ ಕುಬ್ಜವಾಗಿ ಉಳಿಯುತ್ತದೆ. ವ್ಯಾಧನ ಪಕ್ಕದ ಲುಬ್ಧಕ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ. ಅದಕ್ಕೆ ಅಂಥ ಒಂದು ಜೊತೆಗಾರ ಉಂಟು. ಸೂರ್ಯನಷ್ಟು ತೂಕ, ಭೂಮಿಯಷ್ಟು ಗಾತ್ರ. ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಲುಬ್ಧಕವನ್ನು ನೋಡುವಾಗ ಅದನ್ನೂ ನೋಡುತ್ತಿದ್ದೇವೆ ಎಂದು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಹೀಗೆ ಉಳಿಯುವುದಕ್ಕೆ ಒಂದು ಮಿತಿ ಉಂಟು, ಸೂರ್ಯನ ತೂಕದ 1.4 ಪಟ್ಟು. ಅದನ್ನು ಮೀರಿದ ಗರ್ಭ ಕುಸಿಯಲೇಬೇಕು. ಆ ಲೆಕ್ಕವನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ ಶುರು ಮಾಡಿದ್ದು 1930ರಲ್ಲಿ, 19ನೇ ಪ್ರಾಯದಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ. ಮಂಜೇಶ್ವರದವರೇ, ನಿಮ್ಮ ಎದುರಿನ ಅದೇ ಅರಬ್ಬೀ ಕಡಲಿನ ಮೇಲೆ. ನೊಬೆಲ್ ಬಂದದ್ದು 1983ರಲ್ಲಿ.

ಇನ್ನೊಂದು. ನಮ್ಮ ಕಡೆಯ ಜವ್ವಾದಿ ಬೆಟ್ಟದಲ್ಲಿ ಕಾವಲೂರು ಉಂಟು, ವೈನು ಬಾಪ್ಪು ವೀಕ್ಷಣಾಲಯದ 2.3 ಮೀಟರ್ ಟೆಲಿಸ್ಕೋಪ್ ಇರುವ ಜಾಗ. ಅದರ ಅಕ್ಷಾಂಶ 12.6 ಡಿಗ್ರಿ, ಕಾಸರಗೋಡಿನದ್ದು 12.5. ಅಲ್ಲಿ ಕಾಣುವ ಆಕಾಶವೇ ನಿಮ್ಮ ಅಂಗಳದ ಮೇಲೂ. ಬಡಗಿನ ಧ್ರುವನೂ ತೆಂಕಿನ ತ್ರಿಶಂಕು ಎಂಬ ಶಿಲುಬೆಯಾಕಾರದ ನಕ್ಷತ್ರಪುಂಜವೂ ಎರಡೂ ಸಿಗುವ ಜಾಗ ಎಂದೇ ಅಂಥ ಕಡೆ ವೀಕ್ಷಣಾಲಯ ಕಟ್ಟಿದ್ದು. ದಿಲ್ಲಿಯವರಿಗೆ ತ್ರಿಶಂಕು ಪೂರ್ತಿಯಾಗಿ ಸಿಗುವುದೇ ಇಲ್ಲ.


ಕಾಳುಮೆಣಸು, ಎಣ್ಮಕಜೆ
ಜನವರಿ 22, ಬೆಳಿಗ್ಗೆ 5:45

ನನಗೆ 71 ಪ್ರಾಯ. ಆರ್ದ್ರೆ ಎಂದರೆ ನನಗೆ ಮಳೆ. ಜೂನ್ 21, 22ಕ್ಕೆ ಹಿಡಿದರೆ ಹದಿನಾಲ್ಕು ದಿನ. ಮೆಣಸಿನ ಬಳ್ಳಿ ನೆಡಲು ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಪಕ್ಕದ ಮಲಯಾಳದವರೂ ತಿರುವಾದಿರ ಞಾಟ್ಟುವೇಲ ಎಂದು ಅದೇ ದಿನ ನೆಡುತ್ತಾರೆ. ಆದರೆ ನೀವೆಲ್ಲ ಹೇಳುವ ಆರ್ದ್ರೆ ಚಳಿಗಾಲದ್ದು. ಇಷ್ಟು ವರ್ಷ ಮಳೆಗಾಲದಲ್ಲಿ ಇದ್ದದ್ದು ಯಾವುದು?


ಮಾಷ್ಟ್ರು, ಬದಿಯಡ್ಕ
ಜನವರಿ 22, ಬೆಳಿಗ್ಗೆ 7:10

ಮಾವ, ಎರಡೂ ಒಂದೇ. ಮಳೆ ನಕ್ಷತ್ರ ಎಂದರೆ ಸೂರ್ಯ ಆಗ ನಿಂತಿರುವ ನಕ್ಷತ್ರ. ಆರ್ದ್ರಾ ಮಳೆ ಸುರಿಯುವಾಗ ಆರ್ದ್ರೆ ಸೂರ್ಯನ ಜೊತೆಗೇ ಬೆಳಿಗ್ಗೆ ಹುಟ್ಟಿ, ಮಧ್ಯಾಹ್ನ ನೆತ್ತಿಗೆ ಬಂದು, ಸಂಜೆ ಮುಳುಗುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ನೀವು ಬಳ್ಳಿ ನೆಡುವಾಗ ಅದು ನಿಮ್ಮ ತಲೆಯ ಮೇಲೆಯೇ ಇರುತ್ತದೆ. ಧನು ತಿಂಗಳ ತಿರುವಾದಿರ ಹಬ್ಬ ಅದರ ಇನ್ನೊಂದು ತುದಿ. ಆಗ ಸೂರ್ಯ ಎದುರು ಬದಿಯಲ್ಲಿ, ಹುಣ್ಣಿಮೆಯ ಚಂದ್ರ ಆರ್ದ್ರೆಯ ಕಡೆ. ರಾತ್ರಿಯಿಡೀ ಕಾಣುತ್ತದೆ. ನಡುವೆ ಸುಮಾರು ಆರು ತಿಂಗಳು.


ಕಾಳುಮೆಣಸು, ಎಣ್ಮಕಜೆ
ಜನವರಿ 22, ಬೆಳಿಗ್ಗೆ 7:40

ಐವತ್ತು ವರ್ಷ ಅದರ ಕೆಳಗೇ ನೆಟ್ಟೆ. ಗೊತ್ತಿರಲಿಲ್ಲ.


ಪಡುಗಡಲು, ಮಂಜೇಶ್ವರ
ಜನವರಿ 24, ರಾತ್ರಿ 9:50

ಹೊಸಬರಿಗೆ ಒಂದು ಮಾತು. ನಾನು ಆನ್‌ಲೈನಿನಲ್ಲಿ ಅಗ್ಗದ ಟೆಲಿಸ್ಕೋಪ್ ತರಿಸಿ ಕೈ ಸುಟ್ಟುಕೊಂಡೆ. ಡಬ್ಬಿಯ ಮೇಲೆ 675 ಪಟ್ಟು ಎಂದು ಬರೆದಿತ್ತು. ಮಸೂರ 60 ಮಿಲಿಮೀಟರ್. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದರೆ ಪ್ರಯೋಜನವಿಲ್ಲ ಎಂದು ಆಮೇಲೆ ತಿಳಿಯಿತು. ಅಂದರೆ 120. ಸ್ಟ್ಯಾಂಡ್ ಬೇರೆ ಕಡಲ ಗಾಳಿಗೆ ನಡುಗುತ್ತಿತ್ತು, ನಕ್ಷತ್ರ ಕುಣಿಯುವುದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಗ ಎರಡು ದಿನ ನೋಡಿ ಬಿಟ್ಟ. ಅದು ನನಗೆ ಬೇಜಾರಾದದ್ದು.

ಮೊದಲು 10×50 (10 ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ) ಬೈನಾಕ್ಯುಲರ್ ತೆಗೆದುಕೊಳ್ಳಿ. ವ್ಯಾಧನ ಕತ್ತಿಯ ಆ ಮಸುಕು ಅದರಲ್ಲಿ ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತದೆ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರೇಳು ಎಣಿಸಿದರೆ ಇದರಲ್ಲಿ ಹತ್ತಾರು. ಆದರೆ ನಮ್ಮ ಊರಿನ ತೇವಕ್ಕೆ ಮಸೂರದೊಳಗೆ ಬೂಸು ಬರುತ್ತದೆ. ಮಳೆಗಾಲದಲ್ಲಿ ಅದರ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನನ್ನ ಒಂದು ಜೋಡಿ ಹಾಗೆ ಇಡದೆ ಹಾಳಾಯಿತು.


ಸೂಟೆ
ಏಪ್ರಿಲ್ 27, ಬೆಳಿಗ್ಗೆ 9:15

ವಿಷು ಕಳೆದ ಮೇಲೆ ತ್ರಿಶಂಕು ನೋಡೋಣ ಎಂದು ಮಾತಾಗಿತ್ತಲ್ಲ. ನಿನ್ನೆ ನಾಲ್ಕು ಜನ ಪೊಸಡಿಗುಂಪೆ ಗುಡ್ಡ ಹತ್ತಿದೆವು. ತ್ರಿಶಂಕು ನಮಗೆ ತೆಂಕಿನಲ್ಲಿ ಹದಿನಾಲ್ಕರಿಂದ ಇಪ್ಪತ್ತು ಡಿಗ್ರಿ ಮಾತ್ರ ಏಳುವುದು, ತೋಟದೊಳಗಿಂದ ಸಿಗುವುದಿಲ್ಲ. ಬಡಗಿನಲ್ಲಿ ಮಂಗಳೂರಿನ ಬೆಳಕು ಆಕಾಶಕ್ಕೆ ಹಳದಿ ಬಳಿದಿತ್ತು. ತೆಂಕು ಪರವಾಗಿಲ್ಲ. ಹತ್ತೂಕಾಲಕ್ಕೆ ನೆಟ್ಟಗೆ ನಿಂತಿತು. ಸಣ್ಣದು, ನಾನು ಎಣಿಸಿದ್ದಕ್ಕಿಂತ ತುಂಬಾ ಸಣ್ಣದು. ತುದಿಯ ನಕ್ಷತ್ರ ಕೆಂಪು, ಬುಡದ್ದು ನೀಲಿ. ಬೈನಾಕ್ಯುಲರಿನಲ್ಲಿ ಎರಡೂ ಎದ್ದು ಕಂಡವು. ಬಣ್ಣ ನೋಡಲು ಕಲಿಸಿದ ಆ ಮಗುವಿನ ನೆನಪಾಯಿತು. ಮೂಡು ಬದಿಗೆ ಕೆಳಗೆ ಆಲ್ಫಾ ಸೆಂಟಾರಿ, ಬರೀ 4.3 ಜ್ಯೋತಿರ್ವರ್ಷ.

ಮುಳಿಯಾರು, ದೇಲಂಪಾಡಿ ಕಡೆಯವರು ಗುಡ್ಡೆಗೆ ಹೋಗಬೇಡಿ, ಆನೆ ಉಂಟು. ಹೋಗುವವರು ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಳ್ಳಿ. ಕತ್ತಲೆಗೆ ಕಣ್ಣು ಹೊಂದಲು ಅರ್ಧ ಗಂಟೆ ಬೇಕು, ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ.


ಅಡಿಕೆಅಂಗಳ, ಪೆರ್ಲ
ಏಪ್ರಿಲ್ 27, ರಾತ್ರಿ 10:00

ನಾವು ಬರಲಾಗಲಿಲ್ಲ, ಅಮ್ಮನಿಗೆ ಸೌಖ್ಯ ಇರಲಿಲ್ಲ. ಮಾಷ್ಟ್ರು ಫೋನಿನಲ್ಲಿ ಒಂದು ವಿಷಯ ಹೇಳಿದ್ದರು, ಇಲ್ಲಿಯೂ ಹಾಕುತ್ತೇನೆ. ಲುಬ್ಧಕ 8.6 ಜ್ಯೋತಿರ್ವರ್ಷ, ಸ್ವಾತಿ ಸುಮಾರು 37, ರೋಹಿಣಿ ಸುಮಾರು 65. ನಮ್ಮ ಮನೆಯಲ್ಲಿ ಮಗಳಿಗೆ 9, ನನಗೆ 37, ಅಮ್ಮನಿಗೆ 65. ಅಮ್ಮ ಹುಟ್ಟಿದ ಹೊತ್ತಿಗೆ ರೋಹಿಣಿಯಿಂದ ಹೊರಟ ಬೆಳಕು ಈಗ ಬಂದು ಮುಟ್ಟುತ್ತಿದೆ! ಅಮ್ಮನಿಗೆ ಹೇಳಿದಾಗ "ಅಷ್ಟು ದೂರದಿಂದ ಬಂದದ್ದನ್ನು ನೋಡದೆ ಇರುವುದು ಹೇಗೆ" ಎಂದು ಮಂಚದಿಂದ ಎದ್ದರು. ಆದರೆ ರೋಹಿಣಿ ಈಗ ಸಂಜೆಯೇ ಪಡುವಿನಲ್ಲಿ ಇಳಿಯುತ್ತದೆ, ಮರ ಅಡ್ಡ. ಸ್ವಾತಿ ಮಾತ್ರ ಸಿಕ್ಕಿತು. ಜಗಲಿಯ ಮೆಟ್ಟಿಲಲ್ಲಿ ಮೂವರೂ ಕೂತು ನೋಡಿದೆವು.


ಕಾಳುಮೆಣಸು, ಎಣ್ಮಕಜೆ
ಆಗಸ್ಟ್ 20, ಬೆಳಿಗ್ಗೆ 6:10

ಮಾಷ್ಟ್ರು ಹೇಳಿದ್ದರು, ಆಟಿ ತಿಂಗಳು ಕಳೆದು ಸೋಣ ತಿಂಗಳು ಹಿಡಿಯುವಾಗ ಆರ್ದ್ರೆ ಸೂರ್ಯನನ್ನು ಬಿಟ್ಟು ಹಿಂದೆ ಸರಿದಿರುತ್ತದೆ, ಬೆಳಗಿನ ಜಾವ ಮೂಡಿನಲ್ಲಿ ನೋಡಿ ಎಂದು. ಮೂರು ದಿನ ಎದ್ದೆ. ಎರಡು ದಿನ ಮೋಡ. ಇವತ್ತು ಐದು ಗಂಟೆಗೆ ಹಟ್ಟಿಯ ಆಚೆ ಮೋಡ ಸ್ವಲ್ಪ ಬಿರಿದಿತ್ತು. ಮೊದಲು ಮೂರು ನಕ್ಷತ್ರದ ಸಾಲು ಸಿಕ್ಕಿತು. ಅದರ ಎಡಕ್ಕೆ ಕೆಂಪು. ಹತ್ತು ನಿಮಿಷ ಇರಬಹುದು, ಮತ್ತೆ ಮುಚ್ಚಿತು.

ಜೂನಿನಲ್ಲಿ ಆರ್ದ್ರಾ ಮಳೆಗೆ ನೆಟ್ಟ ಬಳ್ಳಿ ಅಲ್ಲೇ ಹಲಸಿನ ಮರದ ಬುಡದಲ್ಲಿ ಉಂಟು. ಟಾರ್ಚು ಹಾಕಿ ನೋಡಿದೆ. ಎರಡು ಎಲೆ ಬಿಟ್ಟಿದೆ, ಮೂರನೆಯದು ಬಿಚ್ಚುತ್ತಿದೆ.